ಸೊಪ್ಪಿನ ಕೋಣೆಯ ಪುದೀನ ವಾಸನೆ

ಆ ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಮೂರು ನಿಯಮ ಹೇಳಿಕೊಟ್ಟರು. ಯಾರ ಹೆಸರನ್ನೂ ಬರೆಯಬಾರದು, ನಂಬರು ಮಾತ್ರ. ಯಾವ ಉತ್ತರಕ್ಕೂ ಹುಬ್ಬೇರಿಸಬಾರದು. ಯಾರಿಗೂ ಬುದ್ಧಿ ಹೇಳಬಾರದು. ಮೊದಲೆರಡು ಹೇಗೋ ಆದೀತು, ಮೂರನೆಯದು ನನ್ನಂಥ ಬಾಯಿಬಡುಕಿಗೆ ಕಷ್ಟ ಅಂತ ಅವತ್ತೇ ಅನ್ನಿಸಿತ್ತು.

ಕೆಲಸ ಇಷ್ಟೇ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಹದಿನೆಂಟು ದಾಟಿದ, ಇನ್ನೂ ಇಪ್ಪತ್ತೈದು ಮುಟ್ಟದ ಹುಡುಗ ಹುಡುಗಿಯರು ಯಾಕೆ ಕುಡಿಯುತ್ತಾರೆ, ಆ ಕಾರಣಕ್ಕೂ ಅವರು ಹುಕ್ಕಾ ಸೇದುವುದಕ್ಕೂ ಏನಾದರೂ ನಂಟಿದೆಯೇ ಅಂತ ಕೇಳಿ ಬರೆದುಕೊಳ್ಳುವುದು. ನಡೆಸುತ್ತಿದ್ದವರು ಒಬ್ಬ ಡಾಕ್ಟರ್ ಮೇಡಂ. ಅವರ ಫಾರಂನಲ್ಲಿ ಕುಡಿಯುವುದಕ್ಕೆ ನಾಲ್ಕು ಥರದ ಕಾರಣ ಇದ್ದವು: ಜೊತೆಯವರೊಂದಿಗೆ ಖುಷಿಪಡಲು, ಮತ್ತಿಗಾಗಿ, ದುಃಖ ಮರೆಯಲು, ಗುಂಪಿನಿಂದ ಹೊರಗುಳಿಯಬಾರದು ಅಂತ. ಊರಿಗೆ ಹೋಗುವ ಮೊದಲು ನಾವೇ ಒಂದೊಂದು ಫಾರಂ ತುಂಬಿ ಅಭ್ಯಾಸ ಮಾಡಬೇಕಿತ್ತು. 'ತಂಬಾಕು ಬಳಸುತ್ತೀರಾ?' ಅನ್ನುವ ಕಡೆ ನಾನು 'ಇಲ್ಲ' ಅಂತ ಸರಕ್ಕನೆ ಗುರುತು ಹಾಕಿದೆ. ಆಮೇಲೆ ಊಟ ಮಾಡಿ, ನನ್ನ ಪುಟ್ಟ ಡಬ್ಬಿ ತೆಗೆದು, ಎಲೆ ಅಡಿಕೆಗೆ ಚಿಟಿಕೆ ಕಡ್ಡಿಪುಡಿ ಸೇರಿಸಿ ಬಾಯಿಗೆ ಹಾಕಿಕೊಂಡು ಮಧ್ಯಾಹ್ನದ ತರಬೇತಿಗೆ ಕೂತೆ.

ಮೊದಲ ವಾರ ನಾನು ತಂದ ಫಾರಂಗಳನ್ನೆಲ್ಲ ಮೇಡಂ ಪಕ್ಕಕ್ಕಿಟ್ಟರು. ಕೊಳ್ಳೇಗಾಲದ ಟೀ ಅಂಗಡಿಯಲ್ಲಿ ಆರು ಜನರನ್ನು ಒಟ್ಟಿಗೆ ಕೂರಿಸಿ ಕೇಳಿದ್ದೆ. ಮೊದಲನೆಯವನು ಏನು ಹೇಳಿದನೋ ಉಳಿದ ಐವರೂ ಅದನ್ನೇ ಹೇಳಿದ್ದರು. ದುಃಖ ಮರೆಯಲು ಕುಡಿಯುತ್ತೀರಾ ಅಂದರೆ ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಹನೂರಿನಲ್ಲಂತೂ ಒಬ್ಬ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಉತ್ತರ ಕೊಟ್ಟು, ಕೊನೆಗೆ ನನಗೇ ತಿರುಗಿ, "ಅಕ್ಕಾ, ನೀವ್ ಯಾಕ್ ಕುಡ್ಯಕಿಲ್ಲ, ಅದ್ನೂ ಬರ್ಕಳಿ" ಅಂದ. ಹುಬ್ಬೇರಿಸಬಾರದಲ್ಲ, ಸುಮ್ಮನೆ ಬರೆದುಕೊಂಡೆ.

ಆಮೇಲೆ ನನ್ನದೇ ಒಂದು ಕ್ರಮ ಮಾಡಿಕೊಂಡೆ. ಒಬ್ಬೊಬ್ಬರನ್ನೇ ದೂರ ಕರೆದೊಯ್ಯುವುದು, ಅವರಿಗೆ ಬೆನ್ನು ಮಾಡಿ ಕೂರುವುದು, ಪ್ರಶ್ನೆ ಓದಿ ಫಾರಂ, ಪೆನ್ನು ಹಿಂದಕ್ಕೆ ಚಾಚುವುದು, ಗುರುತು ಅವರೇ ಹಾಕಿ ವಾಪಸು ಕೊಡುವುದು. ಮುಖ ಕಾಣದಿದ್ದರೆ ಮನುಷ್ಯ ದಿಟ ಹೇಳುತ್ತಾನೆ. ಹೀಗೆ ಕೇಳುತ್ತಾ ಹೋದ ಹಾಗೆ ನನ್ನ ಮಟ್ಟಿಗೆ ಒಂದು ಕಂಡಿತು. ದುಃಖಕ್ಕೆ ಕುಡಿಯುವವರು ಒಬ್ಬರೇ ಕುಡಿಯುತ್ತಾರೆ. ಅವರಿಗೆ ಹುಕ್ಕಾದ ಗೊಡವೆ ಕಡಿಮೆ. ಅದಕ್ಕೆ ಕೆಂಡ ಹಚ್ಚಬೇಕು, ನೀರು ತುಂಬಬೇಕು, ಒಂದೇ ಕೊಳವೆ ಕೈಯಿಂದ ಕೈಗೆ ಹೋಗಬೇಕು, ನಾಲ್ಕು ಜನ ಬೇಕು. ಜೊತೆಯವರಿಗಾಗಿ, ಗುಂಪಿಗಾಗಿ ಕುಡಿಯುವವರೇ ಹುಕ್ಕಾದ ಸುತ್ತಲೂ ಇದ್ದರು. ಇದು ಮೇಡಂ ಹೇಳಬೇಕಾದ ಮಾತು, ನನ್ನದಲ್ಲ. ಆದರೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಇಂಥವೇ ಯೋಚನೆ ಬಂದು, ಎಲ್ಲಿ ಎಚ್ಚರ ಎಲ್ಲಿ ತೂಕಡಿಕೆ ಗೊತ್ತಾಗದೆ, ಇಳಿಯುವ ಊರು ಎಷ್ಟೋ ಸಲ ಹಿಂದೆ ಹೋಗಿಬಿಡುತ್ತಿತ್ತು.

ಮೂವತ್ತೇಳನೇ ನಂಬರಿನವನು ಸಿಕ್ಕಿದ್ದು ಹಾಗೆ ತಪ್ಪಿ ಇಳಿದ ಊರಿನಲ್ಲಿ. ಕಾಮಗೆರೆ ದಾಟಿದ ಮೇಲೆ ಬರುವ ಒಂದು ಊರು. ಹೆಸರು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಬಿಸಿಲು ಎಷ್ಟಿತ್ತೆಂದರೆ ರಸ್ತೆಯ ಆಚೆಯ ತೆಂಗಿನ ಮರಗಳು ನೀರಿನೊಳಗೆ ನಿಂತ ಹಾಗೆ ನಡುಗುತ್ತಿದ್ದವು. ಹಿಪ್ಪುನೇರಳೆ ತೋಟದ ಮಗ್ಗುಲಲ್ಲಿ ರೇಷ್ಮೆ ಹುಳು ಸಾಕುವ ಮನೆ, ಅದಕ್ಕಂಟಿಕೊಂಡು ಸೊಪ್ಪಿನ ಕೋಣೆ. ಸೊಪ್ಪು ಬಾಡಬಾರದು ಅಂತ ಅದರ ಕಿಟಕಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಹುಳು ಇನ್ನೂ ಮರಿಗಳು, ಸೊಪ್ಪಿನ ರಾಶಿ ಬಂದು ಬಿದ್ದಿರಲಿಲ್ಲ. ಒಳಗೆ ಹಸಿರು ಮಬ್ಬು, ತಂಪು. ಅದರ ನಡುವೆ ಪುದೀನ ವಾಸನೆ ತೇಲುತ್ತಿತ್ತು. ನಾಲ್ಕು ಜನ ಯುವಕರು ಹುಕ್ಕಾ ಇಟ್ಟುಕೊಂಡು ಕೂತಿದ್ದರು. ಹೊಗೆ ಮೇಲೇಳುವುದನ್ನು ನೋಡುತ್ತಾ ಅವರಿಗೆ ಮಾತೇ ಬೇಕಿರಲಿಲ್ಲ. ನನಗೂ ಒಂದು ಗಳಿಗೆ ಯಾವ ಊರು, ಯಾಕೆ ಬಂದೆ ಅನ್ನುವುದು ಮರೆತೇಹೋಯಿತು.

ಮೂವತ್ತೇಳು ಆ ಮನೆಯ ಮಗ, ಇಪ್ಪತ್ತೊಂದು ವರ್ಷ. ಡಿಗ್ರಿ ಮುಗಿಸಿ ಅಪ್ಪನ ಜೊತೆ ಹುಳು ಸಾಕುತ್ತಿದ್ದ. ಅವನನ್ನು ಹೊರಗಿನ ಕಲ್ಲಿನ ಮೇಲೆ ಕೂರಿಸಿ, ಬೆನ್ನು ಮಾಡಿ ಕೂತು ಓದಿದೆ. ತಂಬಾಕು ಬಳಸುತ್ತೀರಾ?

"ಇಲ್ಲ ಕಣಕ್ಕ. ಉಳ ಸಾಕೋರ್ ಮನೆ ನಮ್ದು. ಬೀಡಿ ಮುಟ್ಟಿದ ಕೈಯ ನಮ್ಮಪ್ಪ ಒಳೀಕೆ ಬುಡಕಿಲ್ಲ. ಒಗೆಸೊಪ್ಪಿನ ಗಾಳಿ ತಾಕುದ್ರೆ ಸಾಕು, ಉಳ ವಾಂತಿ ಮಾಡ್ಕಂಡು ಸಾಯ್ತವೆ."

ನನಗಿದು ಗೊತ್ತಿದ್ದ ಮಾತೇ. ಯಳಂದೂರಿನ ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಹುಳು ಇದ್ದವು. ಅಜ್ಜಿ ಎಲೆ ಅಡಿಕೆ ಮೆಲ್ಲುವವಳು. ಹುಳು ಮನೆಗೆ ಹೋಗುವ ಮೊದಲು ಬಾಯಿ ಮುಕ್ಕಳಿಸಿ, ಸೀಗೆಪುಡಿ ಹಾಕಿ ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದಳು. ಹಾಳೆ ತಿರುವಿ ಮುಂದಿನ ಪ್ರಶ್ನೆ ಓದಿದೆ. ಹುಕ್ಕಾ ಸೇದುತ್ತೀರಾ?

"ಊಂ. ವಾರಕ್ಕೆ ಎಲ್ಡ್ ಮೂರು ಸಲ."

ಹುಕ್ಕಾದಲ್ಲಿ ತಂಬಾಕು ಇದೆಯೇ? ಇದೆ, ಇಲ್ಲ, ಗೊತ್ತಿಲ್ಲ.

"ಇಲ್ಲ. ಅದು ಅಣ್ಣಿನ್ ರಸ ಕಣಕ್ಕ. ಒಂದ್ಸಲ ಪುದೀನ, ಒಂದ್ಸಲ ಸೇಬು. ನೀವೇ ಮೂಸ್ನೋಡಿ, ಎಂಗಿದೆ ಅಂತ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಕ್ಕಾ ಮಾರುವುದನ್ನು ಸರ್ಕಾರ ನಿಲ್ಲಿಸಿದ ಮೇಲೂ ಮೈಸೂರಿನಿಂದ ಅವನ ಗೆಳೆಯನೊಬ್ಬ ಬ್ಯಾಗಿನಲ್ಲಿ ತಂದದ್ದಂತೆ ಅದು. ಪೊಟ್ಟಣದ ಮೇಲೆ ಪುದೀನ ಎಲೆಯ ಚಿತ್ರ ಬಿಟ್ಟರೆ ಇನ್ನೇನನ್ನೂ ಅವರು ನೋಡಿರಲಿಲ್ಲ. ಯಾಕೆ ಕುಡಿಯುತ್ತೀಯ ಅನ್ನುವುದಕ್ಕೆ ಅವನು ಗುರುತು ಹಾಕಿದ್ದು 'ಗುಂಪಿನಿಂದ ಹೊರಗುಳಿಯಬಾರದು ಅಂತ'. ಹಾಕಿ, ತಾನಾಗಿಯೇ ಹೇಳಿದ: "ಹುಕ್ಕಾ ಇದ್ರೆ ಇವ್ರು ಇಲ್ಲೇ ಕುಂತಿರ್ತಾರೆ ಕಣಕ್ಕ. ಇಲ್ದಿದ್ರೆ ಹನೂರಿನ ಬಾರಿಗೆ ಓಗವಾ ಬಾ ಅಂತ ಎಳೀತಾರೆ. ಬರಕಿಲ್ಲ ಅಂದ್ರೆ ನಾಳಿಂದ ಕರ್ಯಕಿಲ್ಲ. ಅದ್ಕೇ ತಂದಿಟ್ಟಿವ್ನಿ."

ನನ್ನ ನಾಲಿಗೆ ತುದಿಗೆ ಬಂದಿತ್ತು. ಅಯ್ಯೋ ಮಾರಾಯ, ಅದು ಹೊಗೆಸೊಪ್ಪೇ ಕಣೋ, ಬೆಲ್ಲದ ಪಾಕದಲ್ಲಿ ನೆನೆಸಿದ್ದು. ಒಂದೇ ಮಾತು. ಆದರೆ ಎರಡು ವಾರದ ನಂತರ ಇದೇ ಫಾರಂ ಅವನಿಗೆ ಮತ್ತೆ ತುಂಬಿಸಬೇಕು, ಉತ್ತರ ಎಷ್ಟು ಗಟ್ಟಿ ಅಂತ ನೋಡಲು. ನಡುವೆ ನಾವು ಕಲಿಸಿದರೆ ಎರಡನೇ ಸಲದ ಉತ್ತರ ನಮ್ಮದಾಗುತ್ತದೆ, ಅವನದಲ್ಲ. ಯಾವುದರಲ್ಲೆಲ್ಲ ಹೊಗೆಸೊಪ್ಪಿದೆ ಅಂತ ಅಚ್ಚು ಹಾಕಿಸಿದ ತಿಳಿವಳಿಕೆಯ ಹಾಳೆ ಕೊಡುವುದು ಎಲ್ಲ ಮುಗಿದ ಮೇಲೆ. ನಾನು ಬಾಯಿ ಮುಚ್ಚಿಕೊಂಡು 'ಇಲ್ಲ' ಅನ್ನುವುದರ ಮುಂದೆ ಅವನು ಹಾಕಿದ ಗುರುತನ್ನು ನೋಡಿ ಫಾರಂ ಮಡಚಿದೆ. ನಿಯಮ ಪಾಲಿಸಿದೆ ಅಂತ ಆ ದಿನ ನನಗೆ ಹೆಮ್ಮೆಯೂ ಆಯಿತು.

ಎರಡು ವಾರ ಕಳೆದು ಮತ್ತೆ ಆ ಊರಿಗೆ ಹೋದೆ. ಬಸ್ಸಿನಲ್ಲಿ ಅಜ್ಜಿ ಕನಸಿಗೆ ಬಂದಿದ್ದಳು. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಹುಳು ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ ತಲೆಯೆತ್ತಿ ನಿದ್ದೆ ಹೋಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಹುಳುವಿನ ಹಸಿವು ಹಸಿವೇ. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವಾಗ ಸೋನೆ ಹಿಡಿದ ಹಾಗೆ ಸದ್ದು. ಕನಸಿನಲ್ಲಿ ಅಜ್ಜಿ ಸೊಪ್ಪು ಹಾಕಿದರೂ ಆ ಸದ್ದು ಕೇಳಿಸಲಿಲ್ಲ. ಕಂಡಕ್ಟರ್ ಎಬ್ಬಿಸಿದ.

ಮನೆಯ ಜಗುಲಿಯ ಮೇಲೆ ಮೂವತ್ತೇಳರ ಅಪ್ಪ ತಲೆ ಹಿಡಿದು ಕೂತಿದ್ದರು. ಹಿತ್ತಲಿನ ಗುಂಡಿಯಲ್ಲಿ ಸತ್ತ ಹುಳು ತುಂಬಿತ್ತು. ಏನಾಯಿತು ಅಂತ ಕೇಳುವ ಮೊದಲೇ ಅವರು ಹೇಳತೊಡಗಿದರು.

"ಇನ್ನೊಂದ್ ಮೂರ್ ದಿವ್ಸಕ್ಕೆ ಹಣ್ಣಾಗಿ ಗೂಡ್ ಕಟ್ಟವು ಕಣವ್ವ. ಮೊನ್ನೆ ಬೆಳಿಗ್ಗೆ ಸೊಪ್ಪ್ ಆಕ್ದೆ, ಮದ್ಯಾನ್ಕೆ ನೋಡುದ್ರೆ ತಲೆ ಎತ್ಕಂಡು, ಅಸ್ರುನೀರ್ ಕಕ್ಕಂಡು, ಮೈ ಕುಗ್ಗಿಸ್ಕಂಡ್ ಬಿದ್ದವೆ. ಇದು ರೋಗ ಅಲ್ಲ. ಒಗೆಸೊಪ್ಪು. ಇದೆಲ್ಲಾ ಅವ್ಳ ಕೆಲ್ಸ."

ಅವಳು ಅಂದರೆ ಪಕ್ಕದ ಹೊಲದ ಮುದುಕಿ. ಊರಿಗೆಲ್ಲ ಚಿಕ್ಕವ್ವ. ಗಂಡ ಇಲ್ಲ, ಅರಿಶಿನ, ಅವರೆ ಬೆಳೆದುಕೊಂಡಿದ್ದಾಳೆ. ಹೋದ ವರ್ಷ ಅವರೆಗೆ ಹುಳ ಬಿದ್ದಾಗ ಹೊಗೆಸೊಪ್ಪು ಕುದಿಸಿ ಕಷಾಯ ಹೊಡೆದಿದ್ದಳಂತೆ. ಅಷ್ಟೇ ಸಾಕಾಯಿತು. ಇವರ ಬೋರಿನಿಂದ ಅವಳ ಹೊಲಕ್ಕೆ ಹೋಗುತ್ತಿದ್ದ ನೀರನ್ನು ಎರಡು ದಿನದಿಂದ ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ನ್ಯಾಯ. ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು, ನಾನು ಹೊಡೆದಿಲ್ಲ ಅಂತ ಅವಳು ಊರ ಮುಂದೆ ಆಣೆ ಮಾಡಬೇಕು.

ಬೇಲಿಯಾಚೆ ಚಿಕ್ಕವ್ವ ಬಾಡಿದ ಅರಿಶಿನದ ಎಲೆ ಸವರುತ್ತಾ ನಿಂತಿದ್ದಳು. ನನ್ನನ್ನು ಕಂಡು ಅವಳೇ ಹತ್ತಿರ ಬಂದಳು. "ಮೂವತ್ತ್ ವರ್ಸದಿಂದ ಈ ಮನೇಲಿ ಗೂಡು ಬುಡ್ಸಿವ್ನಿ ಕಣವ್ವ. ಆ ಕೂಸು ಅಂಬೆಗಾಲ್ ಇಡ್ತಿದ್ದಾಗ ಉಳ ಗೂಡ್ ಕಟ್ಟೋ ಚಂದ್ರಿಕೆ ತಟ್ಟೆ ಕೆಳ್ಗೆ ಮಲಗುಸ್ಕಂಡು ಕೆಲ್ಸ ಮಾಡಿವ್ನಿ. ಆಣೆ ಮಾಡು ಅಂದ್ರೆ ಮಾಡ್ತೀನಿ, ಅದ್ರಲ್ಲೇನು. ಆದ್ರೆ ಮಾಡುಸ್ಕಂಡ್ ಮ್ಯಾಲೆ ಈ ಮನೆ ಒಸ್ಲು ತುಳ್ಯಕಿಲ್ಲ." ಅವಳು ಅಳಲಿಲ್ಲ. ಹೇಳಿ ಮತ್ತೆ ಬಾಡಿದ ಎಲೆಗಳ ಕಡೆ ತಿರುಗಿದಳು.

ಮೂವತ್ತೇಳು ಸೊಪ್ಪಿನ ಕೋಣೆಯ ಹೊರಗಿನ ಅದೇ ಕಲ್ಲಿನ ಮೇಲೆ ಕೂತ. ಮುಖ ಬಾಡಿತ್ತು. ನಾನು ಬೆನ್ನು ಮಾಡಿ ಕೂತು ಎರಡನೇ ಫಾರಂ ತೆಗೆದೆ. ತಂಬಾಕು? ಇಲ್ಲ. ಹುಕ್ಕಾ? ಊಂ. ಅವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಹುಕ್ಕಾದಲ್ಲಿ ತಂಬಾಕು ಇದೆಯೇ?

"ಇಲ್ಲ."

ಹಾಳೆ ತಿರುವಬೇಕಿತ್ತು. ಇನ್ನು ಐದು ಪ್ರಶ್ನೆ ಕೇಳಿದ್ದರೆ ತಿಳಿವಳಿಕೆಯ ಹಾಳೆ ಅವನ ಕೈಗಿಟ್ಟು, ನಿಯಮ ಮುರಿಯದೆ ಎದ್ದು ಬರಬಹುದಿತ್ತು. ಅವನು ಅದನ್ನು ಓದುತ್ತಿದ್ದನೋ, ಜೇಬಿಗೆ ತುರುಕುತ್ತಿದ್ದನೋ. ನಾನು ತಿರುವಲಿಲ್ಲ. ಫಾರಂನ ಮೇಲೆ ಅಡ್ಡಗೆರೆ ಎಳೆದು, 'ಕೇಳುವವಳೇ ನಿಲ್ಲಿಸಿದಳು' ಅಂತ ಬರೆದು, ಅವನ ಕಡೆ ತಿರುಗಿ ಕೂತೆ. ಅಷ್ಟು ದಿನದಲ್ಲಿ ಮೊದಲ ಸಲ ನಾವಿಬ್ಬರೂ ಮುಖ ನೋಡಿಕೊಂಡೆವು.

"ಆ ಪೊಟ್ಟಣ ತಗೊಂಡು ಬಾ" ಅಂದೆ.

ತಂದ. ಪುದೀನ ಎಲೆಯ ಚಿತ್ರದ ಹಿಂಬದಿ, ಅಂಟಿನ ಚೀಟಿಯ ಕೆಳಗೆ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ 'ಟೊಬ್ಯಾಕೊ' ಅಂತ ಬರೆದಿತ್ತು. ಅವನೇ ಓದಿದ. ಮತ್ತೆ ಓದಿದ.

"ಹುಕ್ಕಾದ ನೀರು ಎಲ್ಲಿ ಚೆಲ್ಲುತ್ತೀರಿ?" ಅಂತ ಕೇಳಿದೆ.

"ತೋಟದ್ ಬದಿನ ಮ್ಯಾಲೆ, ಅಕ್ಕ. ಯಾವತ್ತೂ ಬದಿನ ಮ್ಯಾಲೇ." ಕಣ್ಣು ಸೊಪ್ಪಿನ ಕೋಣೆಯ ಬಾಗಿಲಿಗೆ ಹೋಯಿತು. "ಅವತ್ತೊಂದಿನ… ಅಪ್ಪ ಇದ್ದಕ್ಕಿದ್ದಂಗೆ ಬಂದ್ಬುಟ್ರು. ನಾನು ಹುಕ್ಕಾದ್ ನೀರಿನ್ ಬುರುಡೆ ಬಗ್ಗುಸ್ಬುಟ್ಟು ಸೊಪ್ಪಿನ್ ಮ್ಯಾಲೆ ಒದ್ಸೋ ಗೋಣಿ ಒಳಗಡೆ ಮಡಿಕ್ಬುಟ್ಟೆ. ಎಂಗಿದ್ರೂ ಒದ್ದೆ ಗೋಣಿ ತಾನೇ, ನೀರು ಚೆಲ್ಲುದ್ರೆ ಯಾರ್ಗ್ ಗೊತ್ತಾಯ್ತದೆ ಅಂತ…" ಆ ಗೋಣಿಯನ್ನೇ ರಾತ್ರಿಯಿಡೀ ಸೊಪ್ಪಿಗೆ ಹೊದಿಸಿದ್ದರು. ಬೆಳಿಗ್ಗೆ ಅವನ ಅಪ್ಪ ಅದೇ ಸೊಪ್ಪನ್ನು ಹುಳುಗಳಿಗೆ ಹಾಕಿದ್ದರು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಹೇಳಿದ: "ಅಕ್ಕ, ನೀವ್ ಮಾತ್ ಕೊಟ್ಟಿವ್ರಿ. ಯಾರ್ಗೂ ಯೋಳಕಿಲ್ಲ ಅಂತ."

"ಕೊಟ್ಟಿದ್ದೇನೆ. ಹೇಳುವುದಿಲ್ಲ." ಅಂದೆ. "ನನ್ನದೂ ತಪ್ಪಿದೆ ಕಣಪ್ಪ. ಹೋದ ಸಲವೇ ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನೀನು ಆ ಬುರುಡೆಯನ್ನು ಸೊಪ್ಪಿನ ಹತ್ತಿರ ಇಡುತ್ತಿರಲಿಲ್ಲ. ನಾನು ನಿಯಮ ಅಂತ ಸುಮ್ಮನಿದ್ದೆ. ನಾಳೆ ಕರ್ಪೂರದ ಮೇಲೆ ಕೈಯಿಡುವವಳು ಚಿಕ್ಕವ್ವ. ನೀನೂ ಅಲ್ಲ, ನಾನೂ ಅಲ್ಲ."

ಅವನು ಎದ್ದು ಸೊಪ್ಪಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಜಗುಲಿಗೆ ಬಂದೆ. ಅವನ ಅಪ್ಪ ನನ್ನ ಚೀಲವನ್ನೇ ನೋಡುತ್ತಿದ್ದರು. "ಏನವ್ವ, ಅಷ್ಟೊತ್ತು ಮಾತಾಡುದ್ರಿ. ನಿಮ್ ಫಾರಂನಲ್ಲಿ ನನ್ ಮಗ ಏನಂತ ಬರ್ಸವ್ನೆ?"

"ಅದನ್ನು ನಾನು ಹೇಳುವ ಹಾಗಿಲ್ಲ, ಯಜಮಾನ್ರೇ."

"ಕುಡೀತಾನಾ?"

"ಹೇಳುವ ಹಾಗಿಲ್ಲ."

"ಅಂಗಾರೆ ಏನೋ ಅದೆ" ಅಂದರು. ನಾನು ನೆಲ ನೋಡಿದೆ. ಚಿಕ್ಕವ್ವನಿಗೆ ಎರಡು ದಿನ ಟೈಮು ಕೊಡಿ, ಸೊಪ್ಪಿನ ಇಲಾಖೆಯವರಿಗೆ ತೋರಿಸಿ, ಅಂತೆಲ್ಲ ಏನೇನೋ ಬಡಬಡಿಸಿದೆ. ಸೊಪ್ಪಿನ ಇಲಾಖೆ ಅಂತ ಯಾವುದೂ ಇಲ್ಲ. ರೇಷ್ಮೆ ಇಲಾಖೆ ಅನ್ನಬೇಕಿತ್ತು. ಅವರು ನನ್ನ ಮಾತು ಕೇಳುತ್ತಲೂ ಇರಲಿಲ್ಲ. ಕೊಳ್ಳೇಗಾಲದ ಬಸ್ಸು ಹಾರನ್ ಹೊಡೆದು ಹೋಯಿತು. ಅದರ ನಂತರದ್ದೂ ಹೋಯಿತು. ಮಾತು ಕೊಟ್ಟವಳು ಎದ್ದು ಹೋಗುವ ಹಾಗೂ ಇಲ್ಲ, ಬಾಯಿ ಬಿಡುವ ಹಾಗೂ ಇಲ್ಲ. ಇಳಿಬಿಸಿಲು ಅಂಗಳದಲ್ಲಿ ಹಳದಿಯಾಗಿ ಹರಡಿತ್ತು. ಅದರಲ್ಲಿ ಕೋಳಿಗಳು ಕೂಡ ನಿಧಾನಕ್ಕೆ, ನಿದ್ದೆಯಲ್ಲಿ ನಡೆದ ಹಾಗೆ ನಡೆಯುತ್ತಿದ್ದವು. ಇದೆಲ್ಲ ಬಸ್ಸಿನಲ್ಲಿ ಕಂಡ ಕನಸಿನದೇ ಮುಂದಿನ ಭಾಗವಾಗಿರಲಿ, ಯಾರಾದರೂ ಎಬ್ಬಿಸಲಿ ಅಂತ ನಾನು ನಿಜವಾಗಿಯೂ ಬೇಡಿಕೊಂಡೆ.

ಆಗ ನೀರಿನ ಸದ್ದು ಕೇಳಿಸಿತು. ಒಣಗಿದ ಕಾಲುವೆಗೆ ನೀರು ನುಗ್ಗುವಾಗ ಮೊದಲು ಬರುವ ಬುಳುಬುಳು ಸದ್ದು. ಅವನ ಅಪ್ಪ ತಲೆಯೆತ್ತಿದರು. ಸದ್ದು ಚಿಕ್ಕವ್ವನ ಹೊಲದ ಕಡೆಯಿಂದ ಬರುತ್ತಿತ್ತು.

"ಯಾವನ್ಲಾ ಅವ್ನು ಗೇಟ್‌ವಾಲ್ ತಿರುಗ್ಸಿದ್ದು?" ಅಂತ ಕೂಗಿ ಎದ್ದರು.

"ನಾನೇ ಕಣಪ್ಪ."

ಮೂವತ್ತೇಳು ಬೇಲಿ ದಾಟಿ ಬರುತ್ತಿದ್ದ. ಒಂದು ಕೈಯಲ್ಲಿ ಹುಕ್ಕಾ, ಹೆಗಲ ಮೇಲೆ ಒದ್ದೆ ಗೋಣಿ. ಎರಡನ್ನೂ ಅಪ್ಪನ ಕಾಲ ಬುಡದಲ್ಲಿ ಇಳಿಸಿದ. "ಮೂಸ್ನೋಡಿ" ಅಂದನಷ್ಟೆ.

ಅವರು ಬಗ್ಗಿ ಗೋಣಿಯನ್ನು ಮೂಗಿಗೆ ಹಿಡಿದರು. ಮೊದಲು ಪುದೀನ ಬಂದಿರಬೇಕು, ಹುಬ್ಬು ಗಂಟಿಕ್ಕಿದರು. ಇನ್ನೊಮ್ಮೆ ಆಳವಾಗಿ ಎಳೆದರು. ನಲವತ್ತು ವರ್ಷ ಹುಳು ಸಾಕಿದ ಮೂಗು ಅದು; ಪುದೀನದ ಕೆಳಗಿದ್ದದ್ದು ಅದಕ್ಕೆ ಸಿಕ್ಕಿತು. ಕೈ ಎತ್ತುತ್ತಾರೆ ಅಂದುಕೊಂಡೆ. ಮಗನೂ ಅದಕ್ಕೇ ಕಣ್ಣು ಮುಚ್ಚಿ ನಿಂತಿದ್ದ. ಅವರು ಕೈಯೆತ್ತಲಿಲ್ಲ. ಬೇಲಿಯ ತನಕ ನಡೆದು ಹೋದರು. ಅಲ್ಲಿ ಚಿಕ್ಕವ್ವ ಅರಿಶಿನದ ಮಡಿಗಳಿಗೆ ನೀರು ಬಿಡುತ್ತಾ ಕೆಸರಲ್ಲಿ ನಿಂತಿದ್ದಳು.

"ಚಿಕ್ಕವ್ವ" ಅಂದರು. ಹೆಗಲ ಮೇಲಿನ ಟವೆಲನ್ನು ಇಳಿಸಿ ಕೈಯಲ್ಲಿ ಹಿಡಿದರು.

ಮಗ ಹಿಂದಿನಿಂದ ಹೋಗಿ ನಿಂತು ಎಲ್ಲವನ್ನೂ ಹೇಳಿದ. ಹುಕ್ಕಾ, ಬಾರು, ಬುರುಡೆ, ಗೋಣಿ. ನನ್ನ ಹೆಸರೊಂದನ್ನು ಬಿಟ್ಟು. ಚಿಕ್ಕವ್ವ ಕೇಳುವಷ್ಟು ಕೇಳಿ, ಗುದ್ದಲಿ ಊರಿ ಹೇಳಿದಳು: "ಊರ ಮುಂದೆ ನನ್ ಕಳ್ಳಿ ಮಾಡಿದ್ರಿ. ಊರ ಮುಂದೇನೇ ಇದ್ನೂ ಯೋಳ್ಬೇಕು." ಹಾಗೇ ಆಯಿತು. ಮರುದಿನ ಚಾವಡಿಯಲ್ಲಿ ಅವನೇ ಎದ್ದು ನಿಂತು ಹೇಳಿದನಂತೆ. ಕರ್ಪೂರ ಹಚ್ಚಲಿಲ್ಲ.

ಮೇಡಂ ಮುಂದೆ ನಾನೂ ಎಲ್ಲ ಒಪ್ಪಿಸಿದೆ. ಅವರು ಮೂವತ್ತೇಳರ ಎರಡು ಫಾರಂಗಳನ್ನೂ ಕಟ್ಟಿನಿಂದ ಹೊರಗೆ ತೆಗೆದರು. "ನಿಯಮ ಮುರಿದದ್ದು ತಪ್ಪೇ" ಅಂದರು. ಆಮೇಲೆ ಮುಂದಿನ ಸುತ್ತಿಗೆ ಕ್ರಮವನ್ನೇ ಬದಲಿಸಿದರು. ಹುಳು ಸಾಕುವ ಮನೆಗಳಲ್ಲಿ ತಿಳಿವಳಿಕೆಯ ಹಾಳೆ ಮೊದಲ ದಿನವೇ ಕೊಡುವುದು, ಅವರ ಉತ್ತರಗಳನ್ನು ಬೇರೆ ಕಟ್ಟಿನಲ್ಲಿಡುವುದು ಅಂತಾಯಿತು.

ಆ ಕೆಲಸ ಮುಗಿಯುತ್ತಾ ಬಂದಾಗ ಒಮ್ಮೆ ಆ ಊರಿನ ಮೇಲೆ ಹಾಯ್ದೆ. ಈ ಸಲ ತಪ್ಪಿ ಅಲ್ಲ, ಬೇಕೆಂದೇ ಇಳಿದೆ. ಸೊಪ್ಪಿನ ಕೋಣೆಗೆ ಹೊಸ ಸುಣ್ಣ, ಹೊಸ ಗೋಣಿ. ಹೊಸ ಹುಳು ನಾಲ್ಕನೇ ಜ್ವರದಿಂದ ಎದ್ದಿವೆ ಅಂತ ಚಿಕ್ಕವ್ವ ಒಳಗಿನಿಂದಲೇ ಕೂಗಿ ಹೇಳಿದಳು. ಸೊಪ್ಪು ಹಾಕುತ್ತಿದ್ದಳು. ಗೆಳೆಯರು ಈಗ ಬರುತ್ತಾರಾ ಅಂತ ಮೂವತ್ತೇಳನ್ನು ಕೇಳಿದೆ. "ಒಬ್ಬ ಬತ್ತಾನೆ ಕಣಕ್ಕ, ಸೊಪ್ಪ್ ಕುಯ್ಯಕೆ. ಮಿಕ್ಕೋರು ಇಲ್ಲ" ಅಂದ. ಅದು ಅವನಿಗೆ ನೋಯುತ್ತಿತ್ತು, ಮುಚ್ಚಿಡಲಿಲ್ಲ.

ನಾನು ಹುಳು ನೋಡಲು ಬಾಗಿಲಿಗೆ ಹೋದೆ. ಅವನು ಅಡ್ಡ ನಿಂತ. ಕೈಯಲ್ಲಿ ಸೋಪು, ಚೊಂಬು. ಮುಖದ ಮೇಲೆ ನಗುವಿಲ್ಲ.

"ಎಲ್ರುನ್ನೂ ಕೇಳ್ತೀನಿ ಅಕ್ಕ, ಬೇಜಾರ್ ಮಾಡ್ಕಬ್ಯಾಡಿ. ಬೀಡಿ, ಹುಕ್ಕಾ, ಒಗೆಸೊಪ್ಪು, ಕಡ್ಡಿಪುಡಿ. ಏನಾರಾ ಅದಾ?"

'ಇಲ್ಲ' ಅನ್ನಲು ಬಾಯಿ ತೆರೆದೆ. ಬಾಯೊಳಗೆ ಊಟದ ನಂತರದ ಎಲೆ ಅಡಿಕೆ, ಅದರ ಜೊತೆ ಹೊಗೆಸೊಪ್ಪಿನದೇ ಪುಡಿಯಾದ ಆ ಚಿಟಿಕೆ ಕಡ್ಡಿಪುಡಿ, ಇನ್ನೂ ಇತ್ತು. ತರಬೇತಿಯ ಆ ದಿನದ ಫಾರಂ ಕಣ್ಣ ಮುಂದೆ ಬಂತು, ಸರಕ್ಕನೆ ಹಾಕಿದ ಆ ಗುರುತೂ. ಅವನದು ಪುದೀನ, ನನ್ನದು ಎಲೆ ಅಡಿಕೆ. ಎಷ್ಟು ಜನಕ್ಕೆ ಆ ಪ್ರಶ್ನೆ ಓದಿದ್ದೆ ನಾನು, ಒಂದು ಸಲವೂ ನನಗೆ ಓದಿಕೊಂಡಿರಲಿಲ್ಲ.

"ಇದೆ ಕಣಪ್ಪ" ಅಂದೆ. ಸೊಂಟದಿಂದ ಡಬ್ಬಿ ತೆಗೆದು ತೋರಿಸಿದೆ.

ಅವನು ಹುಬ್ಬೇರಿಸಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಅಂಗಾರೆ ಇವತ್ತು ಒಳೀಕೆ ಬ್ಯಾಡ, ಅಕ್ಕ" ಅಂದು, ಆ ಕಲ್ಲನ್ನು ಬಾಗಿಲಿಂದ ಎರಡು ಮಾರು ಆಚೆಗೆ ಉರುಳಿಸಿಕೊಟ್ಟ. ನಾನು ಅದರ ಮೇಲೆ ಬೆನ್ನು ಮಾಡಿ ಕೂತೆ. ಒಳಗೆ ಸೋನೆ ಹಿಡಿದ ಸದ್ದು. ಬಸ್ಸು ಬರುವವರೆಗೂ ಅದನ್ನು ಕೇಳುತ್ತಾ ಕೂತಿದ್ದೆ.